ಹಾರ್ಡ್‌ವೇರ್ ಸೀಕ್ವೆನ್ಸರ್ ಆರಿಸುವುದು ಹೇಗೆ: ಮೊದಲು ತಂತಿಯ ಲೆಕ್ಕ, ಆಮೇಲೆ ಪೆಟ್ಟಿಗೆ

ಸೀಕ್ವೆನ್ಸರ್ ಅಂದರೆ ಯಾವ ಸ್ವರ ಯಾವಾಗ ನುಡಿಯಬೇಕು ಎಂದು ನೆನಪಿಟ್ಟು ಸಿಂತ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ), ಡ್ರಮ್ ಮಷೀನ್‌ಗಳಿಗೆ ಆಜ್ಞೆ ಕಳಿಸುವ ಪೆಟ್ಟಿಗೆ. ಅದನ್ನು ಕೊಂಡು ತಂದ ವಾರದೊಳಗೆ ಬರುವ ದೂರುಗಳು ಹೆಚ್ಚು ಕಡಿಮೆ ಒಂದೇ ತರಹ ಇರುತ್ತವೆ. ಮೂರು ಸ್ವರ ಒಟ್ಟಿಗೆ ಒತ್ತಿದರೆ ಒಂದೇ ಕೇಳುತ್ತದೆ. ಬೇಸ್ ಸಿಂತ್‌ಗೆ ತಂತಿ ಹಾಕಲು ಪೋರ್ಟ್ ಉಳಿದಿಲ್ಲ. ಡ್ರಮ್ ಮಷೀನ್ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಅಡಾಪ್ಟರ್ ತಂತಿ ಸರಿಯಾಗಿ ಕೂತಿದೆ, ಆದರೂ ಸದ್ದೇ ಇಲ್ಲ.

ಇವರಲ್ಲಿ ಹೆಚ್ಚಿನವರು ಕೊಂಡದ್ದು ಕೆಟ್ಟ ಪೆಟ್ಟಿಗೆ ಅಲ್ಲ. ತಪ್ಪಿದ್ದು ಕ್ರಮ. ವಿಡಿಯೊದಲ್ಲಿ ಮಿನುಗುವ ಪ್ಯಾಡ್ ನೋಡಿ ಮೊದಲು ಪೆಟ್ಟಿಗೆ ಆರಿಸಿದರು, ಆಮೇಲೆ ತಮ್ಮ ವಾದ್ಯಗಳನ್ನು ಅದಕ್ಕೆ ಹೊಂದಿಸಲು ಹೊರಟರು. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಸೀಕ್ವೆನ್ಸರ್‌ನಲ್ಲಿ ಬೇಕಾದದ್ದಕ್ಕಿಂತ ಒಂದು ಟ್ರ್ಯಾಕ್ (ಒಂದು ವಾದ್ಯಕ್ಕೆ ಹೋಗುವ ಸ್ವರಗಳ ಸಾಲು) ಕಡಿಮೆ ಇತ್ತು. ಆ ಒಂದು ಟ್ರ್ಯಾಕ್‌ಗಾಗಿ ಆರು ತಿಂಗಳಲ್ಲಿ ಅದನ್ನು ಮಾರಬೇಕಾಯಿತು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೇಕಾದ ಸಾಮಾನು ಜಾಸ್ತಿ ಇಲ್ಲ: ಒಂದು ದೊಡ್ಡ ಕಾಗದ, ಪೆನ್ಸಿಲ್, ನಿಮ್ಮ ಪ್ರತಿ ವಾದ್ಯದ ಮ್ಯಾನುಯಲ್, ಹಿಂಬದಿ ನೋಡಲು ಟಾರ್ಚ್, ಎರಡು ಮಿಡಿ ಕೇಬಲ್ (ಮಿಡಿ ಅಂದರೆ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಭಾಷೆ). ಮಲ್ಟಿಮೀಟರ್ ಇದ್ದರೆ ಒಳ್ಳೆಯದು.

ಬರೀ ಮಾತಿನಲ್ಲಿ ಹೇಳಿದರೆ ಹಿಡಿಯುವುದು ಕಷ್ಟ. ಅದಕ್ಕೆ ಉದಾಹರಣೆಗಾಗಿ ನಾಲ್ಕು ವಾದ್ಯಗಳ ಒಂದು ಸೆಟಪ್ ಇಟ್ಟುಕೊಳ್ಳೋಣ: ಕೋರ್ಗ್ ಮಿನಿಲಾಗ್, ಕೋರ್ಗ್ ವೋಲ್ಕಾ ಬೇಸ್, ಮೋಗ್ ಮದರ್-32, ರೋಲಂಡ್ ಟಿಆರ್-8ಎಸ್. ನಿಮ್ಮ ಬಳಿ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಅದೇ.

## 1. ಪ್ರತಿ ವಾದ್ಯದ ಬೆನ್ನು ನೋಡಿ ಬರೆದುಕೊಳ್ಳಿ

ಕಾಗದದ ಮೇಲೆ ಒಂದು ವಾದ್ಯಕ್ಕೆ ಒಂದು ಸಾಲು. ಪ್ರತಿ ಸಾಲಿನಲ್ಲಿ ಐದು ಸಂಗತಿ ಬರೆಯಿರಿ: ಮಿಡಿ ಇನ್ ಯಾವ ಆಕಾರದ್ದು, ಮಿಡಿ ಔಟ್ ಅಥವಾ ಥ್ರೂ (ಬಂದ ಸಂದೇಶವನ್ನು ಹಾಗೇ ಮುಂದಿನ ವಾದ್ಯಕ್ಕೆ ಕಳಿಸುವ ಪೋರ್ಟ್) ಇದೆಯೇ, ಒಟ್ಟಿಗೆ ಎಷ್ಟು ಸ್ವರ ನುಡಿಯುತ್ತದೆ, ಕ್ಲಾಕ್ (ಎಲ್ಲ ವಾದ್ಯಗಳನ್ನು ಒಂದೇ ವೇಗದಲ್ಲಿ ಇಡುವ ಮಿಡಿತ) ಯಾವ ದಾರಿಯಲ್ಲಿ ಒಳಗೆ ಬರುತ್ತದೆ, ಕರೆಂಟ್ ಎಲ್ಲಿಂದ.

ನಮ್ಮ ಉದಾಹರಣೆಯಲ್ಲಿ ಹೀಗಾಗುತ್ತದೆ. ಮಿನಿಲಾಗ್‌ಗೆ ದೊಡ್ಡ 5 ಪಿನ್ ಮಿಡಿ ಇನ್ ಮತ್ತು ಔಟ್, ಜೊತೆಗೆ ಕ್ಲಾಕ್‌ಗಾಗಿ ಸಣ್ಣ ಸಿಂಕ್ ಇನ್, ಔಟ್. ಅದು ಒಟ್ಟಿಗೆ 4 ಸ್ವರ ನುಡಿಯುತ್ತದೆ. ವೋಲ್ಕಾ ಬೇಸ್‌ಗೆ 5 ಪಿನ್ ಮಿಡಿ ಇನ್ ಮಾತ್ರ, ಸಿಂಕ್ ಇನ್ ಮತ್ತು ಔಟ್ ಬೇರೆ. ಮದರ್-32ಕ್ಕೆ 5 ಪಿನ್ ಮಿಡಿ ಇನ್ ಮಾತ್ರ, ಸಿವಿ (ವೋಲ್ಟೇಜ್‌ನಿಂದಲೇ ಸ್ವರ ತಿಳಿಸುವ ಬಗೆ) ಹಾಕಲು ಸಣ್ಣ ಜ್ಯಾಕ್‌ಗಳ ಪ್ಯಾಚ್ ಬೇ ಇದೆ, ಒಂದು ಹೊತ್ತಿಗೆ ಒಂದೇ ಸ್ವರ. ಟಿಆರ್-8ಎಸ್‌ಗೆ ಮಿಡಿ ಇನ್ ಮತ್ತು ಔಟ್.

ಬರೆದು ಮುಗಿದ ತಕ್ಷಣ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವೋಲ್ಕಾ ಮತ್ತು ಮದರ್-32ರಿಂದ ಮಿಡಿ ಮುಂದಕ್ಕೆ ಹೋಗಲು ದಾರಿಯೇ ಇಲ್ಲ. ಅಂದರೆ ಅವು ಯಾವಾಗಲೂ ಸರಪಳಿಯ ಕೊನೆಯಲ್ಲೇ ಇರಬೇಕು. ಒಂದು ಸರಪಳಿಗೆ ಎರಡು ಕೊನೆ ಇರಲ್ಲ, ಅಲ್ವಾ? ಹಾಗಾಗಿ ನಿಮಗೆ ಎರಡು ಮಿಡಿ ಔಟ್ ಇರುವ ಸೀಕ್ವೆನ್ಸರ್ ಬೇಕು, ಇಲ್ಲವೇ ಒಂದು ಥ್ರೂ ಬಾಕ್ಸ್ (ಒಂದೇ ಸಂದೇಶವನ್ನು ಹಲವು ತಂತಿಗಳಿಗೆ ಹಂಚುವ ಡಬ್ಬಿ) ಬೇಕು. ಪೆಟ್ಟಿಗೆಯ ಹೆಸರನ್ನೇ ಎತ್ತದೆ ಅರ್ಧ ತೀರ್ಮಾನ ಆಗಿಹೋಯಿತು.

ಇಲ್ಲಿ ತುಂಬ ಜನ ಮಾಡುವ ತಪ್ಪು ಯುಎಸ್‌ಬಿಯನ್ನು ಮಿಡಿ ಪೋರ್ಟ್ ಎಂದು ಎಣಿಸುವುದು. ಸಿಂತ್‌ನ ಹಿಂದೆ ಇರುವ ಯುಎಸ್‌ಬಿ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಜೋಡಿಸಲು ಇರುವುದು. ಎದುರಿಗೆ ಒಬ್ಬ ಯಜಮಾನ ಇರಬೇಕು, ಅದಕ್ಕೆ ಹೋಸ್ಟ್ ಎನ್ನುತ್ತಾರೆ. ಸೀಕ್ವೆನ್ಸರ್‌ನಲ್ಲೂ ಅದೇ ತರಹದ ಯುಎಸ್‌ಬಿ ಇದ್ದರೆ ಎರಡನ್ನೂ ಜೋಡಿಸಿ ಏನೂ ಆಗುವುದಿಲ್ಲ. ಇಬ್ಬರೂ ಯಜಮಾನನಿಗಾಗಿ ಕಾಯುತ್ತಾ ಕೂರುತ್ತಾರೆ. ಸೀಕ್ವೆನ್ಸರ್‌ನ ವಿವರದಲ್ಲಿ 'ಯುಎಸ್‌ಬಿ ಹೋಸ್ಟ್' ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಆ ಪೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳಿ.

## 2. ಎಷ್ಟು ಟ್ರ್ಯಾಕ್, ಪ್ರತಿ ಟ್ರ್ಯಾಕ್‌ನಲ್ಲಿ ಎಷ್ಟು ಸ್ವರ

ಈಗ ಸಂಗೀತದ ಕಡೆಯಿಂದ ಎಣಿಸಿ. ಒಂದು ಹಾಡಿನಲ್ಲಿ ಒಟ್ಟಿಗೆ ಎಷ್ಟು ಸಾಲು ನಡೆಯುತ್ತದೆ? ಮಿನಿಲಾಗ್‌ನ ಕಾರ್ಡ್‌ಗಳಿಗೆ (ಒಟ್ಟಿಗೆ ನುಡಿಯುವ ಸ್ವರಗಳಿಗೆ) ಒಂದು, ಬೇಸ್‌ಗೆ ಒಂದು, ಮದರ್-32ರ ರಾಗದ ಸಾಲಿಗೆ ಒಂದು, ಡ್ರಮ್‌ಗೆ ಒಂದು. ನಾಲ್ಕು. ಇದರ ಮೇಲೆ ಒಂದು ಸೇರಿಸಿ, ಮುಂದೆ ಬರುವ ವಾದ್ಯಕ್ಕೆ. ಎರಡು ಮೂರು ಸೇರಿಸಬೇಡಿ. ಬಾರದ ವಾದ್ಯಕ್ಕಾಗಿ ದುಡ್ಡು ಕೊಟ್ಟು 64 ಟ್ರ್ಯಾಕ್‌ನ ಪೆಟ್ಟಿಗೆ ತಂದವರು ಮೆನುವಿನಲ್ಲೇ ಕಳೆದುಹೋಗುವುದನ್ನು ನೋಡಿದ್ದೇನೆ.

ಪ್ರತಿ ಟ್ರ್ಯಾಕ್ ಪಕ್ಕ 'ಒಂದೇ ಸ್ವರ' ಅಥವಾ 'ಕಾರ್ಡ್' ಎಂದು ಬರೆಯಿರಿ. ನಮ್ಮ ಪಟ್ಟಿಯಲ್ಲಿ ಮಿನಿಲಾಗ್ ಟ್ರ್ಯಾಕ್‌ಗೆ 4 ಸ್ವರ ಬೇಕು. ಸೀಕ್ವೆನ್ಸರ್‌ನ ವಿವರದಲ್ಲಿ 'ಮೊನೊಫೋನಿಕ್' (ಒಂದು ಹೊತ್ತಿಗೆ ಒಂದೇ ಸ್ವರ) ಎಂಬ ಪದ ಕಂಡರೆ ಅದು ಈ ಕೆಲಸಕ್ಕೆ ಆಗದು. 'ಒಂದೇ ಸ್ವರ ಬರ್ತಿದೆ' ಎಂಬ ದೂರಿನ ಮೂಲ ಹೆಚ್ಚಾಗಿ ಇದೇ. ಸಿಂತ್ ಸರಿಯಾಗೇ ಇರುತ್ತದೆ.

ಡ್ರಮ್ ಬಗ್ಗೆ ಈಗಲೇ ತೀರ್ಮಾನಿಸಿ. ಡ್ರಮ್ ಮಷೀನ್ ತನ್ನದೇ ಪ್ಯಾಟರ್ನ್ ನುಡಿಸಲಿ, ಕೇಂದ್ರದಿಂದ, ಅಂದರೆ ಸೀಕ್ವೆನ್ಸರ್‌ನಿಂದ, ಕ್ಲಾಕ್ ಮಾತ್ರ ಹೋಗಲಿ ಎಂಬುದು ಒಂದು ದಾರಿ. ಪ್ರತಿ ಏಟನ್ನೂ ಸೀಕ್ವೆನ್ಸರ್‌ನಿಂದಲೇ ಕಳಿಸುವುದು ಇನ್ನೊಂದು. ನನಗೆ ಮೊದಲನೆಯದೇ ಇಷ್ಟ. ಟಿಆರ್-8ಎಸ್‌ನಂಥ ಯಂತ್ರದ ಸೊಗಸು ಅದರ ಸ್ವಂತ ಬಟನ್‌ಗಳಲ್ಲೇ ಇದೆ, ಕೇಂದ್ರದಲ್ಲಿ ಒಂದು ಟ್ರ್ಯಾಕೂ ಉಳಿಯುತ್ತದೆ. ಆಗ ಕೇಂದ್ರದಿಂದ ಪ್ರೋಗ್ರಾಮ್ ಚೇಂಜ್ ಕಳಿಸಲು ಬರುತ್ತದೆಯೇ ನೋಡಿ, ಹಾಡಿನ ಮಧ್ಯೆ ಡ್ರಮ್ ಪ್ಯಾಟರ್ನ್ ಬದಲಾಗಲು ಅದು ಬೇಕು. ಎರಡೂ ದಾರಿಯನ್ನು ಒಟ್ಟಿಗೆ ಹಿಡಿದರೆ ಪ್ರತಿ ಏಟು ಎರಡೆರಡು ಸಲ ಬೀಳುತ್ತದೆ.

ಎರಡನೇ ದಾರಿ ಹಿಡಿಯುವವರು ಸ್ವರದ ಹೆಸರು ಬರೆಯಬೇಡಿ, ಸಂಖ್ಯೆ ಬರೆಯಿರಿ. ಮಿಡಿ ಸಂಖ್ಯೆ 60 ಅನ್ನು ಯಮಹಾ 'ಸಿ3' ಎನ್ನುತ್ತದೆ, ರೋಲಂಡ್ 'ಸಿ4' ಎನ್ನುತ್ತದೆ. ಹೆಸರು ನಂಬಿದರೆ ಒಂದು ಸ್ಥಾಯಿ ಆಚೀಚೆ ಆಗಿ ಕಿಕ್ ಜಾಗದಲ್ಲಿ ಇನ್ನೇನೋ ಕೇಳುತ್ತದೆ. ಸಾಮಾನ್ಯವಾಗಿ ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42.

## 3. ತಂತಿಯ ತುದಿ ನೋಡಿ

ದೊಡ್ಡ 5 ಪಿನ್ ಇರುವಲ್ಲಿ ತಲೆನೋವಿಲ್ಲ. ತೊಂದರೆ ಇರುವುದು 3.5 ಮಿಮೀ ಸಣ್ಣ ಜ್ಯಾಕ್‌ನಲ್ಲಿ. ನೋಡಲು ಇಯರ್‌ಫೋನ್ ಜ್ಯಾಕ್ ತರಹ ಇರುತ್ತದೆ, ಒಳಗಿನ ತಂತಿ ಜೋಡಣೆಯಲ್ಲಿ ಎ ಟೈಪ್, ಬಿ ಟೈಪ್ ಎಂದು ಎರಡು ಬಗೆ. ಒಂದಕ್ಕೆ ಹೋಲಿಸಿದರೆ ಇನ್ನೊಂದರಲ್ಲಿ ತುದಿ ಮತ್ತು ನಡುವಿನ ಉಂಗುರ ಅದಲುಬದಲಾಗಿರುತ್ತವೆ. 2018ರಲ್ಲಿ ಎ ಟೈಪ್ ಅನ್ನೇ ಮಾನಕ ಎಂದು ಒಪ್ಪಿಕೊಂಡರು. ಆದರೆ ಅದಕ್ಕೆ ಮೊದಲು ಬಂದ ಪೆಟ್ಟಿಗೆಗಳು ಇನ್ನೂ ಮಾರುಕಟ್ಟೆಯಲ್ಲಿವೆ. ಕೋರ್ಗ್ ಎಸ್‌ಕ್ಯೂ-1 ಎ ಟೈಪ್. ಆರ್ಟೂರಿಯಾ ಬೀಟ್‌ಸ್ಟೆಪ್ ಪ್ರೊ ಬಿ ಟೈಪ್.

ಸಣ್ಣ ಜ್ಯಾಕ್‌ನಿಂದ 5 ಪಿನ್‌ಗೆ ಹೋಗುವ ಅಡಾಪ್ಟರ್ ತಂತಿ ತಪ್ಪು ಟೈಪ್‌ನದ್ದು ಹಾಕಿದರೆ ಏನೂ ಸುಡುವುದಿಲ್ಲ, ಸದ್ದು ಮಾತ್ರ ಬರುವುದಿಲ್ಲ. ಗಂಟೆಗಟ್ಟಲೆ ಚಾನೆಲ್ (ಒಂದೇ ತಂತಿಯಲ್ಲಿ ಪ್ರತಿ ವಾದ್ಯಕ್ಕೂ ಬೇರೆಯಾಗಿ ಕೊಡುವ ಸಂಖ್ಯೆ) ಬದಲಿಸುತ್ತಾ ಕೂರುವ ಮೊದಲು ಅಡಾಪ್ಟರ್ ಟೈಪ್ ನೋಡಿ. ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದ ಕೆಲಸ: ಎ ಟೈಪ್‌ನಲ್ಲಿ ಜ್ಯಾಕ್‌ನ ತುದಿ 5ನೇ ಪಿನ್‌ಗೆ, ಉಂಗುರ 4ನೇ ಪಿನ್‌ಗೆ ಹೋಗಿರುತ್ತದೆ. ಬಿ ಟೈಪ್‌ನಲ್ಲಿ ಇದು ತಿರುಗುಮುರುಗು.

ಸಿವಿ ಬೇಕಾದವರಿಗೆ ಇನ್ನೊಂದು ಮಾತು. ಮೋಗ್, ರೋಲಂಡ್ ಮತ್ತು ಯೂರೋರ‍್ಯಾಕ್ (ಬಿಡಿ ಘಟಕಗಳನ್ನು ತಂತಿಯಿಂದ ಜೋಡಿಸುವ ಸಿಂತ್ ಬಗೆ) ಲೋಕದಲ್ಲಿ ಒಂದು ಸ್ಥಾಯಿಗೆ 1 ವೋಲ್ಟ್ ಎಂಬ ಲೆಕ್ಕ. ಕೋರ್ಗ್ ಎಂಎಸ್-20 ಮಿನಿಯಲ್ಲಿ ಲೆಕ್ಕವೇ ಬೇರೆ, ಅಲ್ಲಿ ವೋಲ್ಟೇಜ್ ಆವರ್ತನದ ಜೊತೆ ನೇರವಾಗಿ ಏರುತ್ತದೆ, ಗೇಟ್ (ಸ್ವರ ಶುರುವಾಗಲು, ನಿಲ್ಲಲು ಹೇಳುವ ವೋಲ್ಟೇಜ್) ಕೂಡ ತಲೆಕೆಳಗು. ಎಸ್‌ಕ್ಯೂ-1 ಎರಡೂ ಬಗೆ ಕಳಿಸಬಲ್ಲದು, ತುಂಬ ಸೀಕ್ವೆನ್ಸರ್‌ಗಳು ಕಳಿಸಲಾರವು. ಎಚ್ಚರಿಕೆಯ ಗುರುತು ಸುಲಭ: ಒಂದು ಸ್ಥಾಯಿ ಏರಿಸಿದಾಗ ಶ್ರುತಿ ಸರಿಯಾಗಿ ದುಪ್ಪಟ್ಟಾಗದೆ ಎಲ್ಲೋ ಜಾರಿದರೆ, ಟ್ಯೂನಿಂಗ್ ನಾಬ್ ಮುಟ್ಟುವ ಮೊದಲು ವೋಲ್ಟೇಜ್ ಬಗೆ ನೋಡಿ.

## 4. ಕ್ಲಾಕ್ ಯಾರ ಕೈಯಲ್ಲಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಯಕ್ಷಗಾನದಲ್ಲಿ ಭಾಗವತರ ತಾಳದ ಮೇಲೆ ಚೆಂಡೆ, ಮದ್ದಳೆ, ಕುಣಿತ ಎಲ್ಲ ನಡೆಯುತ್ತದೆ. ಚೆಂಡೆಯವರು ಎಷ್ಟೇ ದೊಡ್ಡ ಕಲಾವಿದರಾದರೂ ಆ ಹೊತ್ತಿನಲ್ಲಿ ತಮ್ಮದೇ ತಾಳ ಹಿಡಿಯುವುದಿಲ್ಲ. ಸಿಂತ್ ಸೆಟಪ್ ಕೂಡ ಹಾಗೇ. ಒಂದೇ ಒಂದು ಯಂತ್ರ ಕ್ಲಾಕ್ ಕಳಿಸಬೇಕು, ಉಳಿದವು ಕೇಳಬೇಕು. ಕೊಳ್ಳುವ ಸೀಕ್ವೆನ್ಸರ್ ಭಾಗವತರಾಗುತ್ತದೆ ಎಂದಾದರೆ ಮಿಕ್ಕ ಎಲ್ಲ ವಾದ್ಯಗಳಲ್ಲಿ ಕ್ಲಾಕ್ ಸೆಟ್ಟಿಂಗ್ ಅನ್ನು 'ಎಕ್ಸ್‌ಟರ್ನಲ್' ಅಥವಾ 'ಆಟೊ' ಮಾಡಿ, ಅವುಗಳ ಕ್ಲಾಕ್ ಔಟ್ ನಿಲ್ಲಿಸಿ.

ಮಿಡಿ ಕ್ಲಾಕ್ ಅಂದರೆ ಒಂದು ಬೀಟ್‌ಗೆ 24 ಟಿಕ್. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಸುಮಾರು 20.8 ಮಿಲಿಸೆಕೆಂಡಿಗೆ ಒಂದು ಟಿಕ್ ಹೋಗುತ್ತದೆ. ಅದರ ಜೊತೆಗೆ ಸ್ಟಾರ್ಟ್, ಸ್ಟಾಪ್, ಕಂಟಿನ್ಯೂ ಎಂಬ ಸಂದೇಶಗಳೂ ಹೋಗುತ್ತವೆ. ಹಾಗಾಗಿ ಹಾಡಿನ ಮೊದಲ ಏಟು ಯಾವುದು ಎಂಬುದು ಕೇಳುವ ವಾದ್ಯಕ್ಕೆ ಗೊತ್ತಾಗುತ್ತದೆ.

ಸಣ್ಣ ಜ್ಯಾಕ್‌ನ ಅನಲಾಗ್ ಸಿಂಕ್‌ಗೆ ಆ ತಿಳಿವಳಿಕೆ ಇಲ್ಲ. ಅದರಲ್ಲಿ ಬರೀ ಮಿಡಿತ ಹೋಗುತ್ತದೆ. ಮಿಡಿತದ ಲೆಕ್ಕವೂ ಎಲ್ಲ ಕಡೆ ಒಂದೇ ಅಲ್ಲ. ವೋಲ್ಕಾಗಳು ಬೀಟ್‌ಗೆ 2 ಮಿಡಿತ ಕೇಳುತ್ತವೆ. ರೋಲಂಡ್‌ನ ಹಳೆಯ ಡಿನ್ ಸಿಂಕ್ 24, ಕೋರ್ಗ್‌ನ ಹಳೆಯ ಯಂತ್ರಗಳು 48. ಕಳಿಸುವವರು 4, ಕೇಳುವವರು 2 ಎಂದಾದರೆ ವಾದ್ಯ ದುಪ್ಪಟ್ಟು ವೇಗದಲ್ಲಿ ಓಡುತ್ತದೆ. ವೇಗ ಸರಿಯಾಗಿ ಎರಡು ಪಟ್ಟು ಅಥವಾ ಅರ್ಧ ಆಗಿದ್ದರೆ ಯಂತ್ರ ಹಾಳಾಗಿಲ್ಲ, ಈ ಲೆಕ್ಕ ತಪ್ಪಿದೆ. ಆರಿಸುವ ಸೀಕ್ವೆನ್ಸರ್‌ನಲ್ಲಿ ಈ ಸಂಖ್ಯೆ ಬದಲಿಸಲು ಬರುತ್ತದೆಯೇ ಎಂದು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಇನ್ನೊಂದು ಗುರುತು: ವೇಗ ಸರಿ, ಆದರೆ ಬೇಸ್ ಯಾವಾಗಲೂ ಮೂರು ಸ್ಟೆಪ್ (ಸೀಕ್ವೆನ್ಸರ್‌ನಲ್ಲಿ ಸ್ವರ ಇಡುವ ಒಂದೊಂದು ಮನೆ) ಆಚೆ. ಸೀಕ್ವೆನ್ಸರ್ ಓಡುತ್ತಿರುವಾಗಲೇ ಸಿಂಕ್ ಕೇಬಲ್ ಚುಚ್ಚಿದ್ದೀರಿ. ಎಲ್ಲ ನಿಲ್ಲಿಸಿ, ಮೊದಲ ಸ್ಟೆಪ್‌ಗೆ ತಂದು ಮತ್ತೆ ಶುರು ಮಾಡಿ. ಮಿಡಿ ಇನ್ ಇರುವ ವಾದ್ಯಕ್ಕೆ ಮಿಡಿಯಲ್ಲೇ ಕ್ಲಾಕ್ ಕೊಡಿ ಎಂದು ನಾನು ಹೇಳುವುದು ಇದಕ್ಕೇ. ಒಂದೇ ವಾದ್ಯಕ್ಕೆ ಮಿಡಿ ಕ್ಲಾಕೂ ಸಿಂಕ್ ಕೇಬಲ್ಲೂ ಎರಡೂ ಕೊಡಬೇಡಿ.

ಕಂಪ್ಯೂಟರ್ ಕೂಡ ಸೆಟಪ್‌ನಲ್ಲಿ ಇದ್ದರೆ ರೆಕಾರ್ಡಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ. ಪರದೆ, ಆಡಿಯೊ, ನೆಟ್ ಎಲ್ಲವನ್ನೂ ಸಂಭಾಳಿಸುತ್ತಾ ಅದು ಕಳಿಸುವ ಕ್ಲಾಕ್‌ನಲ್ಲಿ ಟಿಕ್‌ಗಳು ಹಿಂದೆಮುಂದೆ ಆಗುವುದುಂಟು.

## 5. ಒಂದೇ ಕೇಬಲ್‌ಗೆ ಜಾಸ್ತಿ ಹೊರೆ ಹಾಕಬೇಡಿ

5 ಪಿನ್ ಮಿಡಿಯಲ್ಲಿ ಸೆಕೆಂಡಿಗೆ 31,250 ಬಿಟ್ ಹೋಗುತ್ತದೆ. 1983ರಿಂದ ಇದೇ ವೇಗ. ಒಂದು ಸ್ವರದ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡ್ ಬೇಕು, ಸಂದೇಶಗಳು ಒಂದರ ಹಿಂದೆ ಒಂದು ಸಾಲಾಗಿಯೇ ಹೋಗುತ್ತವೆ. ಮೊದಲ ಏಟಿನಲ್ಲಿ ನಾಲ್ಕು ಸ್ವರದ ಕಾರ್ಡ್, ಬೇಸ್, ರಾಗದ ಸಾಲು, ನಾಲ್ಕು ಡ್ರಮ್ ಎಲ್ಲ ಒಟ್ಟಿಗೆ ಬಿದ್ದರೆ ಕೊನೆಯದು ಹತ್ತು ಮಿಲಿಸೆಕೆಂಡಿನಷ್ಟು ತಡ. ಡ್ರಮ್ ಕೊನೆಯಲ್ಲಿದ್ದರೆ ಕಿವಿಗೆ ತಿಳಿಯುತ್ತದೆ. ಲಯ 'ಸಡಿಲ' ಅನ್ನಿಸುತ್ತದೆ, ಯಾಕೆ ಎಂದು ಗೊತ್ತಾಗುವುದಿಲ್ಲ. ನಾಬ್ ತಿರುಗಿಸಿ ರೆಕಾರ್ಡ್ ಮಾಡಿದ ಸಿಸಿ ಸಂದೇಶಗಳು ಇದರ ಮೇಲೆ ಸುರಿದರೆ ಇನ್ನೂ ಹದಗೆಡುತ್ತದೆ.

ಪರಿಹಾರ ಸರಳ. ಎರಡು ಮಿಡಿ ಔಟ್ ಇದ್ದರೆ ಒಂದರಲ್ಲಿ ಡ್ರಮ್ ಮತ್ತು ಬೇಸ್, ಇನ್ನೊಂದರಲ್ಲಿ ಮಿಕ್ಕದ್ದು. ಒಂದೇ ಔಟ್ ಇದ್ದರೆ ಡ್ರಮ್‌ಗೆ ಕ್ಲಾಕ್ ಮಾತ್ರ ಕಳಿಸಿ.

ಥ್ರೂ ಬಾಕ್ಸ್ ಅಂದರೆ ಒಂದು ಇನ್, ನಾಲ್ಕೋ ಐದೋ ಔಟ್ ಇರುವ ಸಣ್ಣ ಡಬ್ಬಿ. ಅದು ಪೋರ್ಟ್ ಹೆಚ್ಚಿಸುತ್ತದೆ, ವೇಗ ಹೆಚ್ಚಿಸುವುದಿಲ್ಲ. ಆ ನಾಲ್ಕೂ ಔಟ್‌ನಲ್ಲಿ ಹೋಗುವುದು ಒಂದೇ ಸಾಲಿನ ಸಂದೇಶ. ಹಾಗಿದ್ದರೂ ಥ್ರೂನಿಂದ ಥ್ರೂಗೆ ಉದ್ದ ಸರಪಳಿ ಕಟ್ಟುವುದಕ್ಕಿಂತ ಅದು ಮೇಲು. ಸರಪಳಿಯಲ್ಲಿ ಮೂರನೇ ವಾದ್ಯದ ಆಚೆ ಹೋಗಬೇಡಿ. ಒಂದೊಂದು ಮಿಡಿ ಕೇಬಲ್ 15 ಮೀಟರ್ ಮೀರಬಾರದು.

ಚಾನೆಲ್ ಹಂಚಿಕೆಯನ್ನೂ ಈ ಕಾಗದದಲ್ಲೇ ಬರೆಯಿರಿ. ಒಂದು ಕೇಬಲ್‌ಗೆ 16 ಚಾನೆಲ್. ಮಿನಿಲಾಗ್ 1, ವೋಲ್ಕಾ 2, ಮದರ್-32 3, ಡ್ರಮ್ 10. ವಾದ್ಯಗಳ ಮೇಲೆ ಸಣ್ಣ ಸ್ಟಿಕರ್ ಅಂಟಿಸಿಬಿಡಿ.

## 6. ನಿಮ್ಮ ತಾಳಕ್ಕೆ, ನಿಮ್ಮ ಕೈಗೆ ಒಗ್ಗುತ್ತದೆಯೇ

ಇಲ್ಲಿಯವರೆಗೆ ತಂತಿಯ ಮಾತಾಯಿತು. ಈಗ ಸಂಗೀತದ ಪರೀಕ್ಷೆ. ಹೆಚ್ಚಿನ ಸೀಕ್ವೆನ್ಸರ್‌ಗಳು 16 ಸ್ಟೆಪ್‌ನ ಮನೆಯಲ್ಲಿ ಹುಟ್ಟಿದವು. ನಾಲ್ಕು ನಾಲ್ಕಾಗಿ ಎಣಿಸುವವರಿಗೆ ಅದು ಸಾಕು. ಕರ್ನಾಟಕ ಸಂಗೀತದ ಲಯ ಮೈಗೆ ಹತ್ತಿದವರಿಗೆ ಸಾಲದು.

ಆದಿ ತಾಳ 8 ಎಣಿಕೆ, ಎಣಿಕೆಗೆ 4 ಸ್ಟೆಪ್, ಒಟ್ಟು 32. ಮಿಶ್ರ ಚಾಪು 7 ಎಣಿಕೆ, ಎಣಿಕೆಗೆ 2 ಸ್ಟೆಪ್ ಇಟ್ಟರೆ 14. ಖಂಡ ಚಾಪು ಅದೇ ಲೆಕ್ಕದಲ್ಲಿ 10. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಪ್ರತಿ ಟ್ರ್ಯಾಕ್‌ನ ಉದ್ದವನ್ನು ಬೇರೆ ಬೇರೆ ಇಡಬಹುದೇ? ಬೇಸ್ 14ರಲ್ಲಿ, ಡ್ರಮ್ 32ರಲ್ಲಿ ತಿರುಗಲಿ. ಎರಡೂ ಮತ್ತೆ ಒಟ್ಟಿಗೆ ಸಮಕ್ಕೆ ಬರುವುದು 224 ಸ್ಟೆಪ್ ಆದ ಮೇಲೆ, ಅಂದರೆ ಆದಿ ತಾಳದ 7 ಆವರ್ತ, ಮಿಶ್ರ ಚಾಪುವಿನ 16. ಆ ಕೂಡುವ ಜಾಗ ಬಂದಾಗ ಆಗುವ ಖುಷಿ ಬೇರೆಯೇ. ಪ್ಯಾಟರ್ನ್‌ಗೆಲ್ಲ ಒಂದೇ ಉದ್ದ ಇರುವ ಪೆಟ್ಟಿಗೆಯಲ್ಲಿ ಇದು ಆಗುವುದಿಲ್ಲ.

ತಿಸ್ರ ನಡೆಗೆ ಟ್ರಿಪ್ಲೆಟ್ ಬೇಕು, ಬೀಟ್‌ಗೆ 3 ಸ್ಟೆಪ್. ಆದಿ ತಾಳದ ಒಂದು ಆವರ್ತಕ್ಕೆ 24. ಟ್ರಿಪ್ಲೆಟ್ ಅನ್ನು ಟ್ರ್ಯಾಕ್‌ಗೆ ಬೇರೆಯಾಗಿ ಇಡಬಹುದೇ, ಇಡೀ ಯಂತ್ರಕ್ಕೇ ಅನ್ವಯಿಸುತ್ತದೆಯೇ ನೋಡಿ.

ರಾಗದ ವಿಷಯದಲ್ಲಿ ಎರಡು ಬೇರೆ ಬೇಡಿಕೆಗಳಿವೆ, ಬೆರೆಸಬೇಡಿ. ಸ್ವರಸ್ಥಾನ ಹಿಡಿಯುವುದು ಸುಲಭ. ನಮ್ಮದೇ ಸ್ಕೇಲ್ ಬರೆದಿಡುವ ಸೌಲಭ್ಯ ಇದ್ದರೆ ಮಾಯಾಮಾಳವಗೌಳಕ್ಕೆ ಸ, ರಿ1, ಗ3, ಮ1, ಪ, ದ1, ನಿ3 ಎಂದು ಗುರುತು ಹಾಕಿದರೆ ಮುಗಿಯಿತು. ಗಮಕ ಹಾಗಲ್ಲ. ಸ್ಟೆಪ್‌ಗೊಂದು ಸ್ವರ ಇಡುವ ಪೆಟ್ಟಿಗೆ ಗಮಕವನ್ನು ಹಿಡಿಯಲಾರದು. ಪಿಚ್ ಬೆಂಡ್ ಚಕ್ರವನ್ನು ಬೆರಳಿನಿಂದ ಆಡಿಸಿದಂತೆಯೇ, ಸ್ಟೆಪ್‌ಗಳ ನಡುವಿನ ಚಲನೆಯ ಸಮೇತ, ರೆಕಾರ್ಡ್ ಮಾಡಿಕೊಳ್ಳುವ ಸೀಕ್ವೆನ್ಸರ್ ಬೇಕು. ವಿವರಪಟ್ಟಿಯಲ್ಲಿ 'ರಿಯಲ್ ಟೈಮ್ ರೆಕಾರ್ಡಿಂಗ್' ಎಂದಿದ್ದರೆ ಸಾಲದು. ಪಿಚ್ ಬೆಂಡ್ ರೆಕಾರ್ಡ್ ಆಗುತ್ತದೆಯೇ, ಆದದ್ದು ಸ್ಟೆಪ್‌ಗಳಿಗೆ ತಾನಾಗಿ ಜಿಗಿದು ಕೂರುತ್ತದೆಯೇ ಎಂದು ಎರಡನ್ನೂ ಕೇಳಿ. ಗಮಕ ನಿಮಗೆ ಮುಖ್ಯವಾದರೆ ಬೇರೆ ಯಾವ ಸೌಲಭ್ಯಕ್ಕಿಂತಲೂ ಇದನ್ನು ಮೇಲಿಡಿ.

ಕೊನೆಗೆ ಕೈಯ ಅಭ್ಯಾಸ. ಕೀಬೋರ್ಡ್ ನುಡಿಸುತ್ತಾ ಹೊಳೆಯುವವರಿಗೆ ಕೀ ಇರುವ ಸೀಕ್ವೆನ್ಸರ್ ಸರಿ. ಕೂತು ಜೋಡಿಸುವವರಿಗೆ ಪ್ಯಾಡ್‌ಗಳ ಗ್ರಿಡ್ ಸರಿ.

## 7. ಈಗ ಪೆಟ್ಟಿಗೆಗಳನ್ನು ಕಾಗದದ ಪಕ್ಕ ಇಡಿ

ನಮ್ಮ ಉದಾಹರಣೆಯ ಬೇಡಿಕೆ: 4 ಟ್ರ್ಯಾಕ್ (ಡ್ರಮ್‌ಗೆ ಕ್ಲಾಕ್ ಮಾತ್ರ ಎಂದಾದರೆ ಮೂರು, ಮುಂದಿನ ವಾದ್ಯಕ್ಕೆ ಒಂದು), ಒಂದರಲ್ಲಿ 4 ಸ್ವರ, ಎರಡು ಮಿಡಿ ಔಟ್ ಇದ್ದರೆ ಒಳ್ಳೆಯದು.

ಕೋರ್ಗ್ ಎಸ್‌ಕ್ಯೂ-1ರಲ್ಲಿ 8 ಸ್ಟೆಪ್‌ನ ಎರಡು ಸಾಲು. ಒಂದೆರಡು ಸಿಂತ್‌ಗೆ ಚೆನ್ನ, ನಾಲ್ಕು ವಾದ್ಯಗಳ ಕೇಂದ್ರ ಆಗಲಾರದು. ಬೀಟ್‌ಸ್ಟೆಪ್ ಪ್ರೊನಲ್ಲಿ ಎರಡು ಸ್ವರದ ಟ್ರ್ಯಾಕ್, ಒಂದು ಡ್ರಮ್ ಟ್ರ್ಯಾಕ್, 64 ಸ್ಟೆಪ್. ಸ್ವರದ ಟ್ರ್ಯಾಕ್‌ಗಳು ಮೊನೊಫೋನಿಕ್. ಮಿನಿಲಾಗ್‌ನ ಕಾರ್ಡ್‌ಗೆ ಜಾಗವಿಲ್ಲ, ಹಾಗಾಗಿ ನಮ್ಮ ಪಟ್ಟಿಯಿಂದ ಹೊರಗೆ. ಎರಡು ಬೇಸ್ ಸಿಂತ್ ಮತ್ತು ಒಂದು ಡ್ರಮ್ ಮಷೀನ್ ಇರುವವರಿಗೆ ಅದೇ ಪೆಟ್ಟಿಗೆ ಹೇಳಿ ಮಾಡಿಸಿದಂತಿದೆ.

ಆರ್ಟೂರಿಯಾ ಕೀಸ್ಟೆಪ್ ಪ್ರೊನಲ್ಲಿ 37 ಸಣ್ಣ ಕೀ, ಕಾರ್ಡ್ ಹಿಡಿಯುವ 4 ಟ್ರ್ಯಾಕ್, ಮೊದಲನೆಯದನ್ನು ಡ್ರಮ್‌ಗೆ ಬಳಸಬಹುದು. 5 ಪಿನ್ ಮಿಡಿ ಔಟ್ ಎರಡು, ಸಿವಿ ನಾಲ್ಕು ಜೊತೆ. ನಮ್ಮ ಕಾಗದಕ್ಕೆ ಇದು ನೇರವಾಗಿ ಕೂರುತ್ತದೆ. ಡ್ರಮ್‌ಗೆ ಕ್ಲಾಕ್ ಮಾತ್ರ ಕಳಿಸಿದರೆ ಮುಂದಿನ ವಾದ್ಯಕ್ಕೆ ಒಂದು ಟ್ರ್ಯಾಕ್ ಕೂಡ ಉಳಿಯಿತು.

ಎಲೆಕ್ಟ್ರಾನ್ ಡಿಜಿಟಾಕ್ಟ್ ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದುಗಳನ್ನು ನುಡಿಸುವ ಯಂತ್ರ) ಕೂಡ ಹೌದು. ಮೊದಲ ಮಾದರಿಯಲ್ಲಿ 8 ಮಿಡಿ ಟ್ರ್ಯಾಕ್, ಒಂದೊಂದರಲ್ಲಿ 4 ಸ್ವರದವರೆಗೆ. ಸಿವಿ ಇಲ್ಲ. ಡ್ರಮ್ ಮಷೀನ್ ಇನ್ನೂ ಕೊಳ್ಳದವರು ಇದನ್ನು ಮೊದಲು ನೋಡಬೇಕು, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಅಕಾಯ್ ಎಂಪಿಸಿ ಒನ್ ಹಾಡಿನ ಪೂರ್ತಿ ರಚನೆ ಕಟ್ಟುವವರಿಗೆ. ಯುಎಸ್‌ಬಿ ಹೋಸ್ಟ್ ಇದೆ, ಸಿವಿ ಇದೆ, ಪಿಚ್ ಬೆಂಡ್ ಸಮೇತ ನುಡಿಸಿದ್ದನ್ನು ನುಡಿಸಿದಂತೆ ರೆಕಾರ್ಡ್ ಮಾಡುತ್ತದೆ. 5 ಪಿನ್ ಮಿಡಿ ಔಟ್ ಮಾತ್ರ ಒಂದೇ, ಥ್ರೂ ಬಾಕ್ಸ್‌ನ ಖರ್ಚು ಸೇರಿಸಿಕೊಳ್ಳಿ. ಸ್ಕ್ವಾರ್ಪ್ ಹಾಪಾಕ್ಸ್‌ನಲ್ಲಿ 16 ಟ್ರ್ಯಾಕ್, ಎರಡು ಪ್ರಾಜೆಕ್ಟ್ ಒಟ್ಟಿಗೆ ತೆರೆದಿಡಬಹುದು. ವೇದಿಕೆಯ ಮೇಲೆ ಒಂದು ಹಾಡಿನಿಂದ ಇನ್ನೊಂದಕ್ಕೆ ನಿಲ್ಲಿಸದೆ ಹೋಗುವವರಿಗೆ ಅದರ ಬೆಲೆ ಅರ್ಥವಾಗುತ್ತದೆ.

ಎರಡು ಪೆಟ್ಟಿಗೆ ಸಮಸಮ ಬಂದರೆ ಮ್ಯಾನುಯಲ್ ಓದಿ ತೀರ್ಮಾನಿಸಿ, ವಿಡಿಯೊ ನೋಡಿ ಅಲ್ಲ. ಸೇವ್ ಮಾಡುವ ಅಧ್ಯಾಯ ಮೊದಲು ಓದಿ. ಓಡುತ್ತಿರುವಾಗ ಸೇವ್ ಮಾಡಬಹುದೇ, ಅನ್‌ಡೂ ಇದೆಯೇ, ಪ್ಯಾಟರ್ನ್ ಬದಲಿಸಿದರೆ ಸೇವ್ ಆಗದ ಕೆಲಸ ಅಳಿಸಿಹೋಗುತ್ತದೆಯೇ? ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

## 8. ಕರೆಂಟ್ ಮತ್ತು ಗುಂಯ್‌ಗುಡುವಿಕೆ

ಪ್ರತಿ ಪವರ್ ಅಡಾಪ್ಟರ್ ಮೇಲೆ ಮೂರು ಸಂಗತಿ ಓದಿ: ವೋಲ್ಟ್, ಆಂಪಿಯರ್, ನಡುವಿನ ಪಿನ್ ಪ್ಲಸ್ಸೋ ಮೈನಸ್ಸೋ. ವೋಲ್ಕಾಗೆ 9 ವೋಲ್ಟ್, ನಡುವಿನ ಪಿನ್ ಪ್ಲಸ್. ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಮೈನಸ್. ವೋಲ್ಟ್ ಒಂದೇ ಎಂದು ಅದಲುಬದಲು ಮಾಡಿದರೆ ವಾದ್ಯ ಸುಟ್ಟುಹೋಗಬಹುದು. ಪ್ರತಿ ಅಡಾಪ್ಟರ್‌ಗೂ ವಾದ್ಯದ ಹೆಸರು ಬರೆದು ಅಂಟಿಸಿ.

ಯುಎಸ್‌ಬಿಯಿಂದ ನಡೆಯುವ ಸೀಕ್ವೆನ್ಸರ್ ಅನ್ನು ಪವರ್ ಬ್ಯಾಂಕ್‌ಗೆ ಹಾಕುವವರು ಮೊದಲು ಮನೆಯಲ್ಲಿ ಒಂದು ಗಂಟೆ ಓಡಿಸಿ ನೋಡಿ. ಎಳೆಯುವ ಕರೆಂಟ್ ತೀರಾ ಕಡಿಮೆ ಇದ್ದರೆ ಕೆಲವು ಪವರ್ ಬ್ಯಾಂಕ್‌ಗಳು ಫೋನ್ ಚಾರ್ಜ್ ಮುಗಿಯಿತು ಎಂದು ತಿಳಿದು ತಾವೇ ಆಫ್ ಆಗುತ್ತವೆ.

ಸ್ಪೀಕರ್‌ನಲ್ಲಿ ಕೀರಲು ಸದ್ದೋ ಗುಂಯ್ ಎಂಬ ಸದ್ದೋ ಬಂದರೆ ಯುಎಸ್‌ಬಿ ಕೇಬಲ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಯಂತ್ರಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು. 5 ಪಿನ್ ಮಿಡಿಯಲ್ಲಿ ಸಂದೇಶ ಬೆಳಕಿನ ಮೂಲಕ ದಾಟುವ ಆಪ್ಟೊ ಐಸೊಲೇಟರ್ ಇರುವುದರಿಂದ ಈ ಕಾಟ ಬಹಳ ಕಡಿಮೆ. ಗುಂಯ್ ನಿಲ್ಲಿಸಲು ಪ್ಲಗ್‌ನ ಅರ್ಥಿಂಗ್ ಪಿನ್ ಮಾತ್ರ ಎಂದಿಗೂ ಕತ್ತರಿಸಬೇಡಿ. ಅದು ಜೀವ ಕಾಯುವ ಪಿನ್.

## 9. ಕೊಳ್ಳುವಾಗ ಕೈಯಲ್ಲಿ ಹಿಡಿದು ಪರೀಕ್ಷಿಸಿ

ಬ್ಯಾಟರಿಯಲ್ಲಿ ನಡೆಯುವ ಒಂದು ಸಣ್ಣ ಸಿಂತ್, ಇಯರ್‌ಫೋನ್, ಮಿಡಿ ಕೇಬಲ್ ಜೊತೆಗೆ ಒಯ್ಯಿರಿ. ವೋಲ್ಕಾ 6 ಎಎ ಸೆಲ್‌ನಲ್ಲಿ ನಡೆಯುತ್ತದೆ, ಈ ಕೆಲಸಕ್ಕೆ ಒಳ್ಳೆಯದು.

ಪ್ರತಿ ಮಿಡಿ ಔಟ್‌ಗೂ ಬೇರೆ ಬೇರೆಯಾಗಿ ಚುಚ್ಚಿ ನೋಡಿ. 14 ಸ್ಟೆಪ್‌ನ ಒಂದು ಸಾಲು ಬರೆಯಿರಿ, ಓಡುತ್ತಿರುವಾಗಲೇ ಸೇವ್ ಮಾಡಿ, ಆಫ್ ಮಾಡಿ, ಆನ್ ಮಾಡಿ, ಮತ್ತೆ ತೆರೆಯಿರಿ. ಮ್ಯಾನುಯಲ್ ನೋಡದೆ ಹತ್ತು ನಿಮಿಷದಲ್ಲಿ ಇಷ್ಟು ಆದರೆ ಕೈಗೆ ಒಗ್ಗುವ ಪೆಟ್ಟಿಗೆ ಅದು.

ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ನಾಬ್ ನಿಧಾನ ತಿರುಗಿಸಿ. ಸಂಖ್ಯೆ ಹಿಂದೆಮುಂದೆ ಜಿಗಿದರೆ ಎನ್‌ಕೋಡರ್ ಸವೆದಿದೆ. ಪ್ಯಾಡ್ ಒಂದು ಸಲ ಒತ್ತಿದರೆ ಎರಡು ಸಲ ನುಡಿಯುತ್ತದೆಯೇ ನೋಡಿ. ಹಳೆಯ ಯಂತ್ರಗಳಲ್ಲಿ ನೆನಪು ಉಳಿಸುವ ಬಟನ್ ಸೆಲ್ ಇರುತ್ತದೆ, ಅದು ಸತ್ತಿದ್ದರೆ ಆಫ್ ಮಾಡಿದ ತಕ್ಷಣ ಹಾಡುಗಳು ಮಾಯ. ಅಡಾಪ್ಟರ್ ಮೂಲದ್ದೇ, ಯಾರೋ ಹೊಂದಿಸಿದ್ದೇ ಕೇಳಿ. 'ಪೋರ್ಟ್ ಎಲ್ಲ ಸರಿ ಇದೆ, ನೋಡುವುದು ಬೇಡ' ಎಂದು ಅವಸರ ಮಾಡುವವರಿಂದ ಕೊಳ್ಳಬೇಡಿ. ಒಮ್ಮೆ ಹಾಗೆ ನಂಬಿ ತಂದ ಪೆಟ್ಟಿಗೆಯ ಎರಡನೇ ಔಟ್ ಸತ್ತಿತ್ತು. ನನಗೆ ಗೊತ್ತಾಗಲು ಎರಡು ವಾರ ಹಿಡಿಯಿತು.

## 10. ಮೊದಲ ದಿನ ಜೋಡಿಸುವ ಕ್ರಮ

ಎಲ್ಲ ತಂತಿ ಒಟ್ಟಿಗೆ ಹಾಕಬೇಡಿ. ಒಂದು ವಾದ್ಯ ಜೋಡಿಸಿ, ಚಾನೆಲ್ ಇಡಿ, ಒಂದು ಸ್ವರ ಬರುತ್ತದೆಯೇ ನೋಡಿ. ಆಮೇಲೆ ಕ್ಲಾಕ್ ನೋಡಿ. ಅದು ಸರಿಯಾದ ಮೇಲೆ ಎರಡನೆಯದು. ಎಡವಟ್ಟು ಬಂದರೆ ಅದು ಕೊನೆಗೆ ಹಾಕಿದ ತಂತಿಯಲ್ಲೇ ಇದೆ ಎಂದು ತಿಳಿಯುತ್ತದೆ.

ಸ್ವರ ದಪ್ಪವಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿದರೆ ಒಂದೇ ಸ್ವರ ಎರಡು ದಾರಿಯಲ್ಲಿ ಬರುತ್ತಿದೆ. ಕೀ ಇರುವ ಸಿಂತ್‌ನ ಮಿಡಿ ಔಟ್ ಅನ್ನು ಕೇಂದ್ರದ ಇನ್‌ಗೆ ಹಾಕಿದಾಗ ಇದು ಸಾಮಾನ್ಯ. ನೀವು ಒತ್ತಿದ ಕೀ ಸಿಂತ್ ಒಳಗೇ ಒಮ್ಮೆ ನುಡಿಯುತ್ತದೆ, ಕೇಂದ್ರಕ್ಕೆ ಹೋಗಿ ಮರಳಿ ಬಂದು ಇನ್ನೊಮ್ಮೆ ನುಡಿಯುತ್ತದೆ. ಸಿಂತ್‌ನಲ್ಲಿ 'ಲೋಕಲ್' ಆಫ್ ಮಾಡಿ. 4 ಸ್ವರದ ಸಿಂತ್ ಎರಡೇ ಸ್ವರ ನುಡಿಸುತ್ತಿದ್ದರೂ ಕಾರಣ ಇದೇ ಇರಬಹುದು.

ಸ್ವರ ನಿಲ್ಲದೆ ಎಳೆಯುತ್ತಲೇ ಇದ್ದರೆ ಸೀಕ್ವೆನ್ಸರ್‌ನ ಪ್ಯಾನಿಕ್ ಆಜ್ಞೆ ಕೊಡಿ. ಅದು ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿ ಇಟ್ಟುಕೊಳ್ಳಿ. ಮತ್ತೆ ಮತ್ತೆ ಹಾಗಾದರೆ ಕೇಬಲ್ ಬದಲಿಸಿ, ಆಮೇಲೆ ಸ್ವರ ನುಡಿಯುತ್ತಿರುವಾಗಲೇ ಚಾನೆಲ್ ಬದಲಿಸುತ್ತಿದ್ದೀರಾ ನೋಡಿಕೊಳ್ಳಿ.

ನಾಲ್ಕೂ ವಾದ್ಯ ಸೇರಿದ ಮೇಲೆ ಒಂದು ಅರ್ಧ ಗಂಟೆ ಸುಮ್ನೆ ಓಡಲು ಬಿಡಿ. ಪ್ರತಿ ವಾದ್ಯದಲ್ಲೂ ಮೊದಲ ಏಟಿಗೆ ಮಾತ್ರ ಒಂದು ಚಿಕ್ಕ, ಚೂಪಾದ ಸದ್ದು ಇಡಿ. ಅರ್ಧ ಗಂಟೆ ಆದ ಮೇಲೂ ನಾಲ್ಕೂ ಒಂದೇ ಏಟಾಗಿ ಕೇಳಿದರೆ ಕಾಗದವನ್ನು ಫೋಟೊ ತೆಗೆದು ಇಟ್ಟುಕೊಳ್ಳಿ, ಮುಂದಿನ ವಾದ್ಯ ಕೊಳ್ಳುವಾಗ ಅದೇ ಬೇಕಾಗುತ್ತದೆ. ಒಂದು ವಾದ್ಯ ಯಾವಾಗಲೂ ಒಂದೇ ಅಳತೆಯಷ್ಟು ತಡವಾದರೆ ಸೀಕ್ವೆನ್ಸರ್‌ನಲ್ಲಿ ಆ ಟ್ರ್ಯಾಕ್ ಅನ್ನು ಅಷ್ಟು ಮೊದಲೇ ಕಳಿಸುವ ಸೌಲಭ್ಯ ಹುಡುಕಿ. ತಡ ಹೆಚ್ಚುತ್ತಾ ಹೋದರೆ ಆ ವಾದ್ಯ ನಿಮ್ಮ ಕ್ಲಾಕ್ ಕೇಳುತ್ತಲೇ ಇಲ್ಲ, ತನ್ನದೇ ತಾಳದಲ್ಲಿದೆ. 4ನೇ ಹಂತಕ್ಕೆ ಮರಳಿ ಅದರ ಕ್ಲಾಕ್ ಸೆಟ್ಟಿಂಗ್ ನೋಡಿ. ಅಂಗಡಿ ವಾಪಸ್ ತೆಗೆದುಕೊಳ್ಳುವ ದಿನಗಳು ಮುಗಿಯುವುದರೊಳಗೆ ಈ ಅರ್ಧ ಗಂಟೆಯ ಪರೀಕ್ಷೆ ಮಾಡಿ.